ಲಿಂಕು ಸತ್ತಿತು; ಫೋಟೋ ಎಲ್ಲಿದೆ?

ಹೂವಿನಹಡಗಲಿ ತಾಲ್ಲೂಕಿನ ಹೊಳಲಿನಲ್ಲಿ ಮದುವೆಯ ಫೋಟೋಗಳು ಮನೆಗೆ ಬಂದು ಸೇರುವ ರೀತಿ ಈಚೆಗೆ ಬದಲಾಗಿದೆ. ಹಿಂದೆ ಛಾಯಾಗ್ರಾಹಕನು ಮದುವೆ ಮುಗಿದು ತಿಂಗಳೊಪ್ಪತ್ತಿನಲ್ಲಿ ದಪ್ಪ ರಟ್ಟಿನ ಆಲ್ಬಮ್ ಒಂದನ್ನು ತಂದುಕೊಟ್ಟು, ಬಾಕಿ ಹಣವನ್ನು ಎಣಿಸಿಕೊಂಡು ಹೋಗುತ್ತಿದ್ದನು. ಆಲ್ಬಮ್ ಈಗಲೂ ಬರುತ್ತದೆ. ಆದರೆ ಅದರಲ್ಲಿರುವುದು ಆಯ್ದ ನೂರಿನ್ನೂರು ಚಿತ್ರ ಮಾತ್ರ. ಉಳಿದ ಸಾವಿರಾರು ಚಿತ್ರಗಳು ಮೊಬೈಲಿಗೆ ಬರುತ್ತವೆ. ಅದೂ ಚಿತ್ರಗಳಾಗಿ ಅಲ್ಲ, ಓದಿದರೆ ಅರ್ಥವಾಗದ ನೀಲಿ ಅಕ್ಷರಗಳ ಒಂದು ಸಾಲಾಗಿ. ಅದನ್ನು ಒತ್ತಿದರೆ ಮದುವೆಯೆಲ್ಲ ಕಣ್ಣ ಮುಂದೆ ತೆರೆದುಕೊಳ್ಳುತ್ತದೆ. ಮನೆಮಂದಿಯೆಲ್ಲ ಸುತ್ತ ಕುಳಿತು ನೋಡುತ್ತಾರೆ, ನಗುತ್ತಾರೆ, ನಾಲ್ಕು ಜನಕ್ಕೆ ಕಳಿಸುತ್ತಾರೆ. ಆಮೇಲೆ ಆ ಸಾಲು ವಾಟ್ಸ್ಆ್ಯಪಿನ ಮಾತುಗಳ ರಾಶಿಯಲ್ಲಿ ಹೂತುಹೋಗುತ್ತದೆ.

ವರ್ಷ ಕಳೆದ ಮೇಲೆ ಆ ಮನೆಯ ಹಿರಿಯಜ್ಜಿ ತೀರಿಕೊಳ್ಳುತ್ತಾಳೆ ಎಂದಿಟ್ಟುಕೊಳ್ಳಬಹುದು. ಶಿವಗಣಾರಾಧನೆಯ ಕಾರ್ಡಿಗೆ ಒಂದು ಫೋಟೋ ಬೇಕು. ಗೋಡೆಗೆ ಹಾಕಲು ಒಂದು ಬೇಕು. ಆಧಾರ್ ಕಾರ್ಡಿನ ಮೇಲಿರುವ ಮುಖ ಯಾರಿಗೂ ಅಜ್ಜಿಯಂತೆ ಕಾಣುವುದಿಲ್ಲ. ಮೊಮ್ಮಗಳ ಮದುವೆಯಲ್ಲಿ ಅಕ್ಷತೆ ಹಾಕುವಾಗ ಅವಳು ನಕ್ಕದ್ದು ಎಲ್ಲರಿಗೂ ನೆನಪಿದೆ. ಮೊಮ್ಮಗ ಹಳೆಯ ಮಾತುಗಳನ್ನೆಲ್ಲ ಕೆದಕಿ ಆ ನೀಲಿ ಸಾಲನ್ನು ಹುಡುಕಿ ಒತ್ತುತ್ತಾನೆ. ಬಿಳಿಯ ಪುಟವೊಂದು ಬಂದು, ಕೇಳಿದ ಕಡತ ಇಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿ ಸುಮ್ಮನಾಗುತ್ತದೆ.

“ಅಣ್ಣಾರೆ, ಆ ಲಿಂಕ್ ಓಪನ್ ಆಗವಲ್ದು.”

“ಹೋದ ವರ್ಷದ್ದಲ್ರಿ ಅದು? ಜಾಗ ಇರ್ಲಿಲ್ಲ, ತಗದೀನಿ. ನೀವು ಇಳಿಸಿಕೊಂಡಿಲ್ರೇನು?”

ಇಂಥ ಮಾತುಕತೆ ಹೊಳಲಿನಲ್ಲಿ ಮಾತ್ರವಲ್ಲ; ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ, ಎಲ್ಲಿಯಾದರೂ ಕೇಳಿಬರಬಹುದು. ಇಬ್ಬರಲ್ಲಿ ಯಾರದೂ ದ್ರೋಹವಿಲ್ಲ. ಒಬ್ಬನು ಲಿಂಕು ಕೊಟ್ಟಾಗಲೇ ಚಿತ್ರ ಕೊಟ್ಟೆನೆಂದುಕೊಂಡ. ಇನ್ನೊಬ್ಬನು ಲಿಂಕು ಬಂದಾಗಲೇ ಚಿತ್ರ ಬಂತೆಂದುಕೊಂಡ. ಎರಡೂ ನಿಜವಲ್ಲ.

ಉಗ್ರಾಣದಲ್ಲಿ ಜೋಳದ ಚೀಲ ಇಟ್ಟ ರೈತನಿಗೆ ಒಂದು ರಸೀದಿ ಕೊಡುತ್ತಾರೆ. ರಸೀದಿಯನ್ನು ಬೀಸಿದರೆ ಹಿಟ್ಟು ಬರುವುದಿಲ್ಲ. ಲಿಂಕು ಎಂಬುದು ಅಂಥ ರಸೀದಿ. ‘ಕ್ಲೌಡ್’, ಅಂದರೆ ಮೋಡ ಎಂಬ ಹೆಸರು ಕೇಳಲು ಹಗುರವಾಗಿದ್ದರೂ ಕಡತ ಇರುವುದು ನೆಲದ ಮೇಲೆಯೇ, ಯಾವುದೋ ಸಂಸ್ಥೆಯ ಗಣಕಯಂತ್ರಗಳ ಉಗ್ರಾಣದಲ್ಲಿ. ಅಲ್ಲಿ ಪ್ರತಿಯೊಂದು ಕಡತಕ್ಕೂ ಒಂದು ಗುರುತಿನ ಸಂಖ್ಯೆ ಉಂಟು. ನೀಲಿ ಸಾಲಿನಲ್ಲಿ ಕಾಣುವ ಅರ್ಥವಿಲ್ಲದ ಅಕ್ಷರಗಳು ಆ ಸಂಖ್ಯೆಯೇ. ಲಿಂಕನ್ನು ಒತ್ತಿದಾಗಲೆಲ್ಲ ಉಗ್ರಾಣದ ಬಾಗಿಲಲ್ಲಿ ವಿಚಾರಣೆ ನಡೆಯುತ್ತದೆ: ಈ ಸಂಖ್ಯೆಯ ಕಡತ ಇದೆಯೆ? ಕೇಳುತ್ತಿರುವವರು ಯಾರು? ಅವರಿಗೆ ಕೊಟ್ಟ ಅನುಮತಿ ಇನ್ನೂ ನಡೆಯುತ್ತಿದೆಯೆ? ಇದರಲ್ಲಿ ಯಾವ ಒಂದಕ್ಕೆ ಪ್ರತಿಕೂಲವಾದ ಉತ್ತರ ಬಂದರೂ ಬಾಗಿಲು ತೆರೆಯದು. ಹೊರಗೆ ನಿಂತವರು ಎಲ್ಲಕ್ಕೂ ಸೇರಿಸಿ “ಲಿಂಕು ಸತ್ತಿದೆ” ಎಂದುಬಿಡುತ್ತಾರೆ. ಸತ್ತದ್ದು ಅನುಮತಿಯೋ, ಕಡತವೋ, ಕೇವಲ ವಿಳಾಸವೋ ಎಂಬುದನ್ನು ಮೊದಲು ಬೇರ್ಪಡಿಸಿಕೊಳ್ಳಬೇಕು. ಏಕೆಂದರೆ ಮೊದಲನೆಯದಕ್ಕೂ ಮೂರನೆಯದಕ್ಕೂ ಮದ್ದುಂಟು. ಎರಡನೆಯದಕ್ಕೆ ಇರುವುದು ಕೆಲವು ದಿನಗಳ ಗಡುವು ಮಾತ್ರ.

ಪುಟದ ಮೇಲೆ ಬರುವ ಇಂಗ್ಲಿಷ್ ಮಾತನ್ನು ಬಹಳ ಜನ ಓದದೆಯೇ ಮುಚ್ಚುತ್ತಾರೆ. ರೋಗ ಇಂಥದೆಂದು ಹೇಳುವುದು ಅದೇ. ಗೂಗಲ್ ಡ್ರೈವಿನಲ್ಲಿ ‘ಯು ನೀಡ್ ಆ್ಯಕ್ಸೆಸ್’ ಎಂದು ಬಂದರೆ ಸಂತೋಷಪಡಬೇಕು. ಕಡತ ಇದೆ, ತಮಗೆ ಅನುಮತಿ ಇಲ್ಲ ಎಂದಷ್ಟೇ ಅದರ ಅರ್ಥ. ಇದಕ್ಕೆ ಸಾಮಾನ್ಯವಾದ ಕಾರಣ ಎರಡು. ಒಡೆಯನು ಕಡತವನ್ನು ‘ರಿಸ್ಟ್ರಿಕ್ಟೆಡ್’ ಎಂಬ ಸ್ಥಿತಿಯಲ್ಲಿಯೇ ಬಿಟ್ಟು ಲಿಂಕು ಕಳಿಸಿರುವುದು ಒಂದು. ಅದನ್ನು ‘ಎನಿವನ್ ವಿತ್ ದ ಲಿಂಕ್’ ಎಂದು ಬದಲಿಸಿದರೆ ಅದೇ ಹಳೆಯ ಲಿಂಕು ಎದ್ದು ಕೂರುತ್ತದೆ, ಹೊಸದು ಬೇಕಾಗಿಲ್ಲ. ಇನ್ನೊಂದು ಕಾರಣ ನೋಡುವವನ ಮೊಬೈಲಿನಲ್ಲಿಯೇ ಇರುತ್ತದೆ. ಒಂದೇ ಫೋನಿನಲ್ಲಿ ಎರಡು ಮೂರು ಜಿಮೇಲ್ ಖಾತೆಗಳಿರುವುದು ಈಗ ಸಾಮಾನ್ಯ: ತನ್ನದು, ಅಪ್ಪನದು, ಕಾಲೇಜಿನದು. ಅನುಮತಿ ಸಿಕ್ಕಿದ್ದು ಒಂದು ಖಾತೆಗೆ, ಬಾಗಿಲು ತಟ್ಟುತ್ತಿರುವುದು ಇನ್ನೊಂದು. ಪುಟದ ಮೂಲೆಯಲ್ಲಿರುವ ದುಂಡನೆಯ ಗುರುತನ್ನು ಒತ್ತಿ ಖಾತೆ ಬದಲಿಸಿ ನೋಡಿದರೆ ಎಷ್ಟೋ ಸಲ ಸತ್ತ ಲಿಂಕು ಅಲ್ಲಿಯೇ ಬದುಕುತ್ತದೆ. ಒಡೆಯನಿಗೆ ತೊಂದರೆ ಕೊಡುವ ಮೊದಲು ಮಾಡತಕ್ಕ ಕೆಲಸ ಇದು.

ಶಾಲೆ, ಕಾಲೇಜು, ಕಚೇರಿಗಳು ಕೊಟ್ಟ ಖಾತೆಯಿಂದ ಬಂದ ಲಿಂಕಾದರೆ ಇನ್ನೊಂದು ತೊಡಕುಂಟು. ಹೊರಗಿನವರಿಗೆ ಕಡತ ತೋರಿಸಕೂಡದೆಂದು ಸಂಸ್ಥೆಯೇ ಕಟ್ಟಳೆ ಮಾಡಿರಬಹುದು. ಕಡತದ ಒಡೆಯನು ಎಷ್ಟು ಉದಾರಿಯಾದರೂ ಆಗ ಪ್ರಯೋಜನವಿಲ್ಲ. ವಿದ್ಯಾರ್ಥಿಯು ಓದು ಮುಗಿಸಿ ಹೊರಬಿದ್ದ ಮೇಲೆ ಸಂಸ್ಥೆ ಆ ಖಾತೆಯನ್ನು ಮುಚ್ಚಿದರೆ ಅವನು ಹಂಚಿದ್ದೆಲ್ಲವೂ ಅದರೊಡನೆ ಹೋಗುತ್ತದೆ. ಪದವಿಯ ಪ್ರಬಂಧವನ್ನು ಅಂಥ ಖಾತೆಯಲ್ಲಿಯೇ ಬಿಟ್ಟು ಬಂದವರು ಎಲ್ಲ ಊರುಗಳಲ್ಲಿಯೂ ಇದ್ದಾರೆ.

ಗಡುವು ಮೀರಿದ ಲಿಂಕು ಇದಕ್ಕಿಂತ ಬೇರೆ ಜಾತಿಯದು. ಒನ್‌ಡ್ರೈವ್, ಡ್ರಾಪ್‌ಬಾಕ್ಸ್ ಮುಂತಾದ ಸೇವೆಗಳಲ್ಲಿ, ಮುಖ್ಯವಾಗಿ ಹಣ ಕೊಟ್ಟು ಪಡೆದ ಖಾತೆಗಳಲ್ಲಿ, ಲಿಂಕು ಇಂಥ ದಿನದವರೆಗೆ ಮಾತ್ರ ನಡೆಯಲಿ ಎಂದು ಒಡೆಯನೇ ಗೊತ್ತುಮಾಡಬಹುದು. ಆ ದಿನ ಕಳೆದರೆ ಬಾಗಿಲು ಮುಚ್ಚುತ್ತದೆ, ಕಡತ ಒಳಗೆ ಸುರಕ್ಷಿತವಾಗಿಯೇ ಇರುತ್ತದೆ. ಒಡೆಯನು ಹೊಸ ಲಿಂಕು ಮಾಡಿಕೊಟ್ಟರಾಯಿತು, ಅರ್ಧ ನಿಮಿಷದ ಕೆಲಸ. ಆದರೆ ದೊಡ್ಡ ಕಡತಗಳನ್ನು ರವಾನಿಸುವುದಕ್ಕೆಂದೇ ಇರುವ ಸೇವೆಗಳ ಮಾತು ಹಾಗಲ್ಲ. ವಿಟ್ರಾನ್ಸ್‌ಫರ್ ಎಂಬ ಸೇವೆಯ ಬಿಟ್ಟಿ ಲಿಂಕಿಗೆ ಬಹುಕಾಲ ಏಳು ದಿನದ ಆಯುಸ್ಸಿತ್ತು. ಆಮೇಲೆ ಅದು ಮೂರು ದಿನಕ್ಕೆ ಇಳಿಯಿತು. ಅಲ್ಲಿ ಗಡುವು ತೀರಿದಾಗ ರಸೀದಿ ಮಾತ್ರವಲ್ಲ, ಚೀಲವೇ ಹೊರಗೆ ಬೀಳುತ್ತದೆ. ಅದು ಉಗ್ರಾಣವಲ್ಲ, ಸಾಗಣೆಯ ಗಾಡಿ. ಗಾಡಿಯನ್ನು ಉಗ್ರಾಣವೆಂದು ಭ್ರಮಿಸಿದವರಿಗೆ ಉಳಿಯುವುದು ಒಂದೇ ದಾರಿ: ಕಳಿಸಿದವನ ಬಳಿ ಮೂಲ ಪ್ರತಿ ಇದ್ದರೆ ಮತ್ತೆ ಕಳಿಸೆಂದು ಕೇಳುವುದು. ವಾಟ್ಸ್ಆ್ಯಪಿನಲ್ಲಿ ಇಳಿಸಿಕೊಳ್ಳದೆ ಬಿಟ್ಟ ಹಳೆಯ ಚಿತ್ರಗಳು ಮುಂದೊಂದು ದಿನ ಮಂಜುಮಂಜಾಗಿಯೇ ಉಳಿದು, ಕಳಿಸಿದವರನ್ನೇ ಮತ್ತೆ ಕೇಳಿ ಎನ್ನುವುದೂ ಇದೇ ಕಾರಣದಿಂದ.

ಲಿಂಕು ಆರೋಗ್ಯವಾಗಿಯೇ ಇದ್ದು ಸತ್ತಂತೆ ನಟಿಸುವುದೂ ಉಂಟು. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯ ಸಮಯದಲ್ಲಿ ಗೊರವಯ್ಯನು ಬಿಲ್ಲನ್ನೇರಿ ಕಾರ್ಣಿಕ ನುಡಿಯುತ್ತಾನೆ. ಅಷ್ಟು ದೊಡ್ಡ ಜನಸಮುದ್ರ ಒಂದೇ ಕ್ಷಣ ಉಸಿರು ಬಿಗಿಹಿಡಿದು ಕೇಳುವ ಒಂದೇ ಒಂದು ಮಾತು ಅದು. ಅದರ ವಿಡಿಯೋವನ್ನು ಯಾರಾದರೂ ತಮ್ಮ ಡ್ರೈವಿನಲ್ಲಿಟ್ಟು ಹತ್ತಾರು ಗುಂಪುಗಳಿಗೆ ಲಿಂಕು ಹಂಚಿದರೆಂದರೆ, ಒಂದೇ ದಿನ ಸಾವಿರಾರು ಜನ ನುಗ್ಗುತ್ತಾರೆ. ಈ ಕಡತವನ್ನು ಮಿತಿಮೀರಿ ನೋಡಲಾಗಿದೆ ಎಂಬ ಸೂಚನೆ ಬಂದು ಬಾಗಿಲು ಕೆಲಕಾಲ ಮುಚ್ಚುತ್ತದೆ. ಮಾಡತಕ್ಕದ್ದೇನೂ ಇಲ್ಲ. ಒಂದು ದಿನ ಬಿಟ್ಟು ನೋಡಿದರೆ ತೆರೆದಿರುತ್ತದೆ. ಲಿಂಕನ್ನು ನಕಲು ಮಾಡುವಾಗ ಕೊನೆಯ ಒಂದೆರಡು ಅಕ್ಷರ ಉದುರಿಹೋಗುವುದು, ವಾಕ್ಯದ ಕೊನೆಯ ಚುಕ್ಕಿ ಲಿಂಕಿಗೇ ಅಂಟಿಕೊಳ್ಳುವುದು, ಇವೂ ಇಂಥವೇ. ಹಾಗೆ ಕೆಟ್ಟ ಲಿಂಕನ್ನು ಒಬ್ಬರಿಂದೊಬ್ಬರಿಗೆ ಎಷ್ಟು ಸಲ ಕಳಿಸಿದರೂ ಕೆಟ್ಟದ್ದೇ ಹೋಗುತ್ತದೆ. ಮೂಲದಲ್ಲಿ ಕಳಿಸಿದವರ ಸಂದೇಶಕ್ಕೇ ಹೋಗಿ ನೋಡಬೇಕು.

ಇನ್ನು ಕಡತವೇ ಹೋಗಿರುವ ಸಂದರ್ಭ. ಮೊಮ್ಮಗನ ಮುಂದೆ ಬಂದ ಬಿಳಿಯ ಪುಟ ಇದೇ. ಇಲ್ಲಿ ಕಾಲ ಬಹಳ ಮುಖ್ಯ. ಡ್ರೈವಿನಲ್ಲಿ ತೆಗೆದುಹಾಕಿದ ಕಡತವು ಕೂಡಲೆ ನಾಶವಾಗುವುದಿಲ್ಲ. ‘ಟ್ರ್ಯಾಶ್’ ಎಂಬ ಕಸದ ಬುಟ್ಟಿಗೆ ಬೀಳುತ್ತದೆ. 2020ರ ಅಕ್ಟೋಬರಿಗೆ ಮುಂಚೆ ಆ ಬುಟ್ಟಿಯನ್ನು ಯಾರಾದರೂ ಬರಿದು ಮಾಡುವವರೆಗೂ ಕಡತ ಅಲ್ಲಿಯೇ ಬಿದ್ದಿರುತ್ತಿತ್ತು. ಆ ತಿಂಗಳಿಂದ 30 ದಿನ ಕಳೆದ ಮೇಲೆ ಅದು ತಾನಾಗಿ ಬರಿದಾಗುತ್ತದೆ. ಈ 30 ದಿನದೊಳಗೆ ಒಡೆಯನು ಅದನ್ನು ಎತ್ತಿ ಮೊದಲಿನ ಜಾಗದಲ್ಲಿಟ್ಟರೆ ಹಳೆಯ ಲಿಂಕು ಮೊದಲಿನಂತೆಯೇ ನಡೆಯುತ್ತದೆ, ಏಕೆಂದರೆ ಗುರುತಿನ ಸಂಖ್ಯೆ ಬದಲಾಗಿರುವುದಿಲ್ಲ. ಆದುದರಿಂದ ಛಾಯಾಗ್ರಾಹಕನು “ತಗದೀನಿ” ಎಂದಾಗ ಕೇಳಬೇಕಾದ ಮೊದಲನೆಯ ಪ್ರಶ್ನೆ, ಯಾವಾಗ ತೆಗೆದದ್ದು ಎಂಬುದು. ಎರಡನೆಯದು, ಕ್ಯಾಮೆರಾದ ಮೂಲ ಚಿತ್ರಗಳು ಯಾವುದಾದರೂ ಹಾರ್ಡ್ ಡಿಸ್ಕಿನಲ್ಲಿ ಉಂಟೋ ಎಂಬುದು. ಅನೇಕ ಛಾಯಾಗ್ರಾಹಕರು ಅಂತರಜಾಲದ ಪ್ರತಿಯನ್ನು ಅಳಿಸಿದರೂ ಅಂಗಡಿಯ ಡಿಸ್ಕನ್ನು ಅಷ್ಟು ಬೇಗ ಅಳಿಸುವುದಿಲ್ಲ. ಮೂರನೆಯದು, ಆಲ್ಬಮ್ ಅಚ್ಚು ಹಾಕಿಸಿದ ಮುದ್ರಣಾಲಯಕ್ಕೆ ಕಳಿಸಿದ ಕಡತ. ಅಜ್ಜಿಯ ನಗು ಆಯ್ದ ನೂರಿನ್ನೂರು ಚಿತ್ರಗಳಲ್ಲಿ ಇದ್ದರೆ ಅಲ್ಲಿ ಸಿಕ್ಕೀತು. ನಾಲ್ಕನೆಯದನ್ನು ಛಾಯಾಗ್ರಾಹಕನನ್ನಲ್ಲ, ನೆಂಟರನ್ನು ಕೇಳಬೇಕು. ಅಂದು ಲಿಂಕು ತಲುಪಿದ ನಾಲ್ಕು ಜನರಲ್ಲಿ ಯಾರಾದರೊಬ್ಬರು, ಬಹುಶಃ ದಾವಣಗೆರೆಯಲ್ಲೋ ಬೆಂಗಳೂರಿನಲ್ಲೋ ಇರುವ ಸೋದರತ್ತೆಯ ಮಗಳು, ತನಗಿಷ್ಟವಾದ ಹತ್ತು ಚಿತ್ರಗಳನ್ನು ಇಳಿಸಿಟ್ಟುಕೊಂಡಿರುವ ಸಂಭವ ಸಣ್ಣದಲ್ಲ. ಲಿಂಕಿನ ಬೆನ್ನು ಬೀಳುವ ಬದಲು ಪ್ರತಿಯ ಬೆನ್ನು ಬೀಳುವುದೇ ಇಲ್ಲಿ ಬುದ್ಧಿವಂತಿಕೆ.

ಛಾಯಾಗ್ರಾಹಕನನ್ನು ಬೈಯುವವರು ಅವನ ಲೆಕ್ಕವನ್ನೂ ಒಮ್ಮೆ ನೋಡಬೇಕು. ಗೂಗಲ್ ಬಿಟ್ಟಿಯಾಗಿ ಕೊಡುವ ಜಾಗ 15 ಜಿ.ಬಿ. ಅದರಲ್ಲಿಯೇ ಅವನ ಅಂಚೆ, ಅವನ ಮನೆಯ ಚಿತ್ರ, ಅವನ ಡ್ರೈವ್ ಎಲ್ಲವೂ ಸೇರಬೇಕು. ಒಂದು ಚಿತ್ರಕ್ಕೆ 8 ಎಂ.ಬಿ. ಎಂದು ಹಿಡಿದರೆ 2000 ಚಿತ್ರಗಳ ಒಂದೇ ಮದುವೆಗೆ 16 ಜಿ.ಬಿ. ಬೇಕು. ಅಂದರೆ ಬಿಟ್ಟಿ ಜಾಗದಲ್ಲಿ ಒಂದು ಮದುವೆಯೂ ಪೂರ್ತಿ ಹಿಡಿಯದು. ಹಣ ಕೊಟ್ಟು ಹೆಚ್ಚು ಜಾಗ ಕೊಂಡರೂ ವೈಶಾಖದ ಮದುವೆಗಳು ಕಳೆಯುವುದರೊಳಗಾಗಿ ಅದೂ ತುಂಬುತ್ತದೆ. ಹೊಸ ಮದುವೆ ಬರಬೇಕಾದರೆ ಹಳೆಯದು ಹೊರಡಲೇಬೇಕು. ಲಿಂಕು ಕಳಿಸುವಾಗಲೇ “ಇಂಥ ತಿಂಗಳವರೆಗೆ ಇರುತ್ತದೆ, ಅಷ್ಟರೊಳಗೆ ಇಳಿಸಿಕೊಳ್ಳಿ” ಎಂದು ಒಂದು ಮಾತು ಬರೆದಿದ್ದರೆ ಜಗಳವೇ ಹುಟ್ಟುತ್ತಿರಲಿಲ್ಲ. ಆ ಒಂದು ಮಾತನ್ನು ಬರೆಯದಿರುವುದು ಮಾತ್ರ ಅವನ ತಪ್ಪು.

ಒಡೆಯನು ಏನನ್ನೂ ಅಳಿಸದೆ ಇದ್ದರೂ ಕಡತ ಹೋಗುವ ದಾರಿಗಳಿವೆ. ಎರಡು ವರ್ಷ ಯಾರೂ ಮುಟ್ಟದ ವೈಯಕ್ತಿಕ ಖಾತೆಗಳನ್ನು ಅಳಿಸಲಾಗುವುದೆಂದು ಗೂಗಲ್ 2023ರ ಮೇ ತಿಂಗಳಲ್ಲಿ ಸಾರಿ, ಆ ವರ್ಷದ ಡಿಸೆಂಬರಿನಿಂದ ಅದನ್ನು ಜಾರಿಗೆ ತಂದಿತು. ತೀರಿಕೊಂಡವರ ಖಾತೆಯನ್ನು ಯಾರು ಮುಟ್ಟುತ್ತಾರೆ? ಗುಪ್ತಪದ ಅವರೊಡನೆಯೇ ಹೋಯಿತು. ಅವರು ಮಕ್ಕಳಿಗೆ ಹಂಚಿದ್ದ ಲಿಂಕುಗಳು ಎರಡು ವರ್ಷ ಚೆನ್ನಾಗಿ ತೆರೆದುಕೊಂಡು, ಆಮೇಲೊಂದು ದಿನ ಹೇಳದೆ ಕೇಳದೆ ಮುಚ್ಚಿಕೊಳ್ಳಬಹುದು. ಇದಕ್ಕೆ ಬದುಕಿರುವಾಗಲೇ ಮಾಡತಕ್ಕ ಒಂದು ಏರ್ಪಾಡು ಗೂಗಲಿನಲ್ಲಿಯೇ ಉಂಟು. ‘ಇನ್ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್’ ಎಂಬ ಜಾಗದಲ್ಲಿ, ಖಾತೆಯನ್ನು ಇಷ್ಟು ತಿಂಗಳು ಮುಟ್ಟದಿದ್ದರೆ ಅದರಲ್ಲಿರುವುದು ಇಂಥವರಿಗೆ ದೊರೆಯಲಿ ಎಂದು ಹತ್ತು ಜನರವರೆಗೆ ಹೆಸರು ಕೊಡಬಹುದು. ಹೊಲದ ಪಹಣಿಯ ಬಗ್ಗೆ ಇಷ್ಟು ಎಚ್ಚರವಾಗಿರುವ ಜನ ಚಿತ್ರಗಳ ವಿಷಯದಲ್ಲಿ ಇದನ್ನು ಮಾಡದಿರುವುದಕ್ಕೆ, ಹೀಗೊಂದು ಸೌಲಭ್ಯವಿದೆಯೆಂದು ಗೊತ್ತಿಲ್ಲದಿರುವುದೇ ಕಾರಣವಿರಬೇಕು.

ಕೆಲವೊಮ್ಮೆ ಉಗ್ರಾಣದವರೇ ಬೀಗ ಬದಲಿಸುತ್ತಾರೆ. 2021ರ ಸೆಪ್ಟೆಂಬರಿನಲ್ಲಿ ಗೂಗಲ್ ಭದ್ರತೆಗಾಗಿ ಹಲವು ಹಳೆಯ ಕಡತಗಳ ಲಿಂಕಿಗೆ ಇನ್ನೊಂದು ಕೀಲಿಯನ್ನು ಜೋಡಿಸಿತು. ಮೊದಲೇ ಆ ಕಡತವನ್ನು ನೋಡಿದ್ದವರಿಗೆ ಏನೂ ಆಗಲಿಲ್ಲ. ಹಳೆಯ ಲಿಂಕು ಹಿಡಿದು ಹೊಸದಾಗಿ ಬಂದವರು ಹೊರಗೆ ನಿಂತರು. ಉದ್ದದ ಲಿಂಕುಗಳನ್ನು ಗಿಡ್ಡ ಮಾಡಿಕೊಡುತ್ತಿದ್ದ ಅದೇ ಸಂಸ್ಥೆಯ ‘ಗೂ.ಜಿಎಲ್’ ಸೇವೆ 2019ರಲ್ಲಿ ಹೊಸ ಲಿಂಕು ಮಾಡುವುದನ್ನು ನಿಲ್ಲಿಸಿತು. ಬಳಕೆಯಿಲ್ಲದ ಹಳೆಯವುಗಳನ್ನು 2025ರ ಆಗಸ್ಟಿನಲ್ಲಿ ಕೈಬಿಟ್ಟಿತು. ಗಿಡ್ಡ ಲಿಂಕೆಂದರೆ ರಸೀದಿಗೊಂದು ರಸೀದಿ. ಎರಡರಲ್ಲಿ ಯಾವುದು ಹರಿದರೂ ದಾರಿ ತಪ್ಪುತ್ತದೆ.

ಊರು ಅಲ್ಲಿಯೇ ಇದ್ದು ವಿಳಾಸ ಮಾತ್ರ ಬದಲಾಗುವುದು ಈ ಸೀಮೆಯವರಿಗೆ ಹೊಸದಲ್ಲ. ಹೊಳಲು ಬಳ್ಳಾರಿ ಜಿಲ್ಲೆಯೊಡನೆ ಮದ್ರಾಸ್ ರಾಜ್ಯದಲ್ಲಿತ್ತು. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. 1973ರಲ್ಲಿ ಆ ರಾಜ್ಯವೇ ಕರ್ನಾಟಕವಾಯಿತು. 2021ರಲ್ಲಿ ಜಿಲ್ಲೆ ವಿಜಯನಗರವಾಯಿತು. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, ಮೂರೇ ವರ್ಷಕ್ಕೆ ವಿಜಯನಗರ ಸೇರಿತು. ಲಕೋಟೆಯ ಮೇಲೆ ಹಳೆಯ ಜಿಲ್ಲೆಯ ಹೆಸರಿದ್ದರೂ ಅಂಚೆಯವನು ಕಾಗದವನ್ನು ತಲುಪಿಸುತ್ತಾನೆ, ಏಕೆಂದರೆ ಅವನಿಗೆ ಊರು ಗೊತ್ತು. ಗಣಕಯಂತ್ರಕ್ಕೆ ಊರು ಗೊತ್ತಿಲ್ಲ, ಸಾಲು ಮಾತ್ರ ಗೊತ್ತು. ಹೊಸ ವಿಳಾಸವನ್ನು ಹಳೆಯ ಬಾಗಿಲಿನ ಮೇಲೆ ಬರೆದಿಟ್ಟು ಹೋದರೆ ಅದು ಅಲ್ಲಿಗೆ ಕರೆದೊಯ್ಯುತ್ತದೆ, ಇಲ್ಲವಾದರೆ 404 ಎಂಬ ಸಂಖ್ಯೆ ತೋರಿಸಿ ಕೈಚೆಲ್ಲುತ್ತದೆ. ಹಾಗೆ ಬರೆದಿಟ್ಟು ಹೋಗುವವರು ಕಡಮೆ. ಅಮೆರಿಕದ ಪ್ಯೂ ಸಂಶೋಧನಾ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಲೆಕ್ಕದಂತೆ, 2013ರಲ್ಲಿ ಅಂತರಜಾಲದಲ್ಲಿದ್ದ ಪುಟಗಳಲ್ಲಿ ನೂರಕ್ಕೆ 38 ಹತ್ತು ವರ್ಷದಲ್ಲಿ ಕಾಣೆಯಾಗಿದ್ದವು.

ಒಂದು ಮನೆಗೆ ಅಜ್ಜಿಯ ಚಿತ್ರದಿಂದ ಆದದ್ದು ಕನ್ನಡ ಓದುಗರೆಲ್ಲರಿಗೂ ಒಮ್ಮೆ ಪುಸ್ತಕಗಳಿಂದ ಆಗಿದೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಹತ್ತು ಲಕ್ಷ ಪುಸ್ತಕಗಳ ಯೋಜನೆಯ ಅಂಗವಾಗಿ ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ’ ಎಂಬ ಸಂಗ್ರಹ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆಶ್ರಯದಲ್ಲಿ ಬೆಳೆಯಿತು. ಅಂಗಡಿಗಳಲ್ಲಿ ಎಂದೋ ಮುಗಿದುಹೋದ ಕನ್ನಡ ಪುಸ್ತಕಗಳು ಅಲ್ಲಿ ಪುಟಪುಟವಾಗಿ ಸಿಕ್ಕುತ್ತಿದ್ದವು. ಲೇಖಕರು ಅಡಿಟಿಪ್ಪಣಿಗಳಲ್ಲಿ ಆ ಲಿಂಕುಗಳನ್ನೇ ಕೊಟ್ಟರು. ಅಧ್ಯಾಪಕರು ವಿದ್ಯಾರ್ಥಿಗಳಿಗೆ ಅವನ್ನೇ ಹಂಚಿದರು. 2017ರ ಸುಮಾರಿಗೆ, ಗ್ರಂಥಸ್ವಾಮ್ಯದ ತಕರಾರಿನ ನಡುವೆ, ಆ ತಾಣ ಮುಚ್ಚಿತು. ಅದರ ಲಿಂಕುಗಳೆಲ್ಲ ಒಂದೇ ಸಲಕ್ಕೆ ಸತ್ತವು.

ಪುಸ್ತಕಗಳು ಮಾತ್ರ ಬಹುಮಟ್ಟಿಗೆ ಉಳಿದವು. ಬಾಗಿಲು ಮುಚ್ಚುವುದಕ್ಕೆ ಮುಂಚೆ ಅವುಗಳ ಲಕ್ಷಾಂತರ ಪ್ರತಿಗಳನ್ನು ಸಾರ್ವಜನಿಕ ದಾಖಲೆಗಳಿಗಾಗಿ ದುಡಿಯುವ ಕಾರ್ಲ್ ಮಾಲಮುಡ್ ಮತ್ತು ಅವರ ಸಂಗಡಿಗರು ‘ಇಂಟರ್‌ನೆಟ್ ಆರ್ಕೈವ್’ ಎಂಬ ಭಂಡಾರಕ್ಕೆ ಏರಿಸಿದ್ದರು. ಇಲ್ಲಿ ಕನ್ನಡದ ‘ಸಂಚಯ’ ಬಳಗದ ಸ್ವಯಂಸೇವಕರು ಇಂಥ ಸಂಗ್ರಹಗಳಲ್ಲಿನ ಕನ್ನಡ ಪುಸ್ತಕಗಳನ್ನು ಕನ್ನಡ ಲಿಪಿಯಲ್ಲಿಯೇ ಹುಡುಕಲು ‘ಪುಸ್ತಕ ಸಂಚಯ’ವೆಂಬ ಪಟ್ಟಿಯನ್ನು ಕಟ್ಟಿದ್ದರು. ಹೊಳಲಿನ ಹುಡುಗಿಯೊಬ್ಬಳು ತನ್ನ ಸೀಮೆಯ ಶಾಸನಗಳ ಮೇಲೆ ಪ್ರಬಂಧ ಬರೆಯಹೊರಟರೆ ಅವಳಿಗೆ ಬೇಕಾದದ್ದು 1939ರಲ್ಲಿ ಅಚ್ಚಾದ ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯ ಒಂಬತ್ತನೆಯ ಸಂಪುಟದ ಮೊದಲ ಭಾಗ. ಮದ್ರಾಸ್ ಪ್ರಾಂತದ ಕನ್ನಡ ಶಾಸನಗಳ ಆ ಸಂಪುಟದಲ್ಲಿ ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಶಾಸನಗಳಿವೆ. ಹೊಳಲು ಎಂಬ ಹೆಸರಿಗೂ ಶಾಸನಗಳ ಭಾಷೆಯೇ ಮೂಲ. ಹಳಗನ್ನಡದ ‘ಪೊೞಲ್’ ಎಂದರೆ ಪಟ್ಟಣ. ಅವಳ ಅಧ್ಯಾಪಕರ ಹಳೆಯ ಟಿಪ್ಪಣಿಯಲ್ಲಿರುವ ಲಿಂಕು ಈಗ ತೆರೆಯದಿದ್ದರೆ ಆ ಲಿಂಕನ್ನು ತಿದ್ದುತ್ತ ಕೂರುವುದರಿಂದ ಲಾಭವಿಲ್ಲ. ಪುಸ್ತಕದ ಹೆಸರು, ಸಂಪುಟ, ವರ್ಷ ಇವನ್ನು ಹಿಡಿದು ಭಂಡಾರದಲ್ಲಿ ಹೊಸದಾಗಿ ಹುಡುಕಬೇಕು. ಟಿಪ್ಪಣಿಯಲ್ಲಿ ಲಿಂಕು ಮಾತ್ರ ಇದ್ದು ಪುಸ್ತಕದ ಹೆಸರೇ ಇಲ್ಲದಿದ್ದರೆ ಆ ಲಿಂಕನ್ನು ಅದೇ ಭಂಡಾರದ ‘ವೇಬ್ಯಾಕ್ ಮಷೀನ್’ ಎಂಬ ಯಂತ್ರಕ್ಕೆ ಕೊಟ್ಟು ನೋಡಬಹುದು. ಎಲ್ಲರಿಗೂ ತೆರೆದಿದ್ದ ಹಳೆಯ ಪುಟಗಳ ಪ್ರತಿಯನ್ನು ಅದು ತೆಗೆದಿಟ್ಟಿರುತ್ತದೆ. ಯಾರದೋ ಖಾಸಗಿ ಡ್ರೈವಿನೊಳಗಿನ ಮದುವೆಯ ಚಿತ್ರ ಅಲ್ಲಿ ಸಿಕ್ಕೀತೆಂದು ಆಶಿಸಬಾರದು.

ಕನ್ನಡ ಪುಸ್ತಕಗಳನ್ನು ಅಲ್ಲಿ ಹುಡುಕುವವರಿಗೆ ಒಂದು ಮಾತು. ಹೆಸರುಗಳನ್ನು ಸೇರಿಸಿದವರು ರೋಮನ್ ಲಿಪಿಯಲ್ಲಿ, ತೋಚಿದ ಕಾಗುಣಿತದಲ್ಲಿ ಸೇರಿಸಿದ್ದಾರೆ. ‘ಶಾಸನ’ ಎಂಬುದು ಒಂದೆಡೆ ಒಂದು ‘ಎ’ಯಿಂದ, ಇನ್ನೊಂದೆಡೆ ಎರಡು ‘ಎ’ಗಳಿಂದ, ಮತ್ತೊಂದೆಡೆ ‘ಎಚ್’ ಇಲ್ಲದೆ ಬರುತ್ತದೆ. ಒಂದು ಕಾಗುಣಿತದಲ್ಲಿ ಸಿಕ್ಕದಿದ್ದರೆ ಇನ್ನೊಂದರಲ್ಲಿ, ಹೆಸರಿನಿಂದ ಸಿಕ್ಕದಿದ್ದರೆ ಲೇಖಕನ ಹೆಸರಿನಿಂದ ಹುಡುಕಬೇಕು. ಸಿಕ್ಕ ದಿನವೇ ಪೆನ್‌ಡ್ರೈವಿಗೆ ಇಳಿಸಿಕೊಂಡು, ಅದರ ಮೇಲೆ ಪುಸ್ತಕದ ಹೆಸರನ್ನು ಕನ್ನಡದಲ್ಲಿ ಬರೆದಿಟ್ಟುಕೊಳ್ಳತಕ್ಕದ್ದು.